ನಾಯಿಗೆ ಭೂಕಂಪ ಮೊದಲೇ ಗೊತ್ತಾಗುತ್ತದೆಯೇ? ಪಶುವೈದ್ಯರನ್ನು ಕೇಳಿ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಮನೆಯಲ್ಲಿ ಒಂದು ವಿಷಯಕ್ಕೆ ವಾರದಿಂದ ಜಗಳ ನಡೀತಿದೆ, ನೀವೇ ತೀರ್ಮಾನ ಹೇಳಬೇಕು. ಹೋದ ವಾರ ಬೆಳಗಿನ ಜಾವ ನಾಲ್ಕೂವರೆಗೆ ನಮ್ಮಲ್ಲಿ ಸಣ್ಣದಾಗಿ ಭೂಮಿ ನಡುಗಿತು. ಪಾತ್ರೆ ಗಲಗಲ ಅಂದವು ಅಷ್ಟೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಅದಕ್ಕೂ ಒಂದು ಗಂಟೆ ಮೊದಲಿನಿಂದ ನಮ್ಮ ಎಂಟು ವರ್ಷದ ಟಾಮಿ ಮಲಗಿದಲ್ಲಿ ಮಲಗಲಿಲ್ಲ. ಹಾಲ್‌ನಿಂದ ಬಾಗಿಲಿಗೆ, ಬಾಗಿಲಿನಿಂದ ನನ್ನ ಮಂಚಕ್ಕೆ ಓಡಾಟ, ಕುಂಯ್‌ಗುಟ್ಟುವುದು, ಮೈಯೆಲ್ಲ ನಡುಕ. ನಾನು ಗದರಿ ಮಲಗಿಸಿದ್ದೆ. "ಮೂಕಪ್ರಾಣಿ ಹೇಳ್ತಾ ಇತ್ತು, ನಿನಗೆ ಅರ್ಥ ಆಗಲಿಲ್ಲ" ಅಂತ ಅತ್ತೆ. ಎಲ್ಲ ಕಾಕತಾಳೀಯ ಅಂತ ಯಜಮಾನರು. ತೊಂದರೆ ಏನೆಂದರೆ, ಆಮೇಲೂ ಎರಡು ರಾತ್ರಿ ಟಾಮಿ ಹಾಗೇ ಮಾಡಿದ. ಎರಡೂ ರಾತ್ರಿ ನಾವು ಕಂಬಳಿ ಹೊದ್ದು ಕಾರಿನಲ್ಲಿ ಕೂತು ಬೆಳಗು ಮಾಡಿದೆವು. ಏನೂ ಆಗಲಿಲ್ಲ. ನಂಬಬೇಕೋ ಬಿಡಬೇಕೋ?

ಉತ್ತರ: ನಮಸ್ಕಾರ ಮೇಡಂ. ಅತ್ತೆಯವರದ್ದೂ ಪೂರ್ತಿ ತಪ್ಪಲ್ಲ, ಯಜಮಾನರದ್ದೂ ಪೂರ್ತಿ ಸರಿಯಲ್ಲ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ.

ನಡುಕಕ್ಕೆ ಕೆಲವು ಸೆಕೆಂಡು ಮುಂಚೆ ನಾಯಿಗೆ ಗೊತ್ತಾಗುತ್ತದೆಯೇ? ಹೌದು, ಇದರಲ್ಲಿ ಪವಾಡವೇನಿಲ್ಲ. ಭೂಮಿಯೊಳಗೆ ಬಂಡೆ ಸರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಆದರೆ ಅದು ಮೆತ್ತಗಿನದು. ಗೋಡೆ ಅಲ್ಲಾಡಿಸುವ ಎಸ್ ಅಲೆ ಸೆಕೆಂಡಿಗೆ ಮೂರೂವರೆ ಕಿಲೋಮೀಟರಿನಂತೆ ಹಿಂದಿನಿಂದ ಬರುತ್ತದೆ. ಕಂಪನದ ಕೇಂದ್ರ 50 ಕಿಲೋಮೀಟರ್ ದೂರವಿದ್ದರೆ ಇವೆರಡರ ನಡುವೆ ಆರು ಸೆಕೆಂಡು, 100 ಕಿಲೋಮೀಟರ್ ಇದ್ದರೆ ಹನ್ನೆರಡು ಸೆಕೆಂಡು ಸಿಗುತ್ತದೆ. ಹೊಟ್ಟೆ, ಗದ್ದ ಎರಡನ್ನೂ ನೆಲಕ್ಕೆ ಊರಿ ಮಲಗಿದ ನಾಯಿಗೆ ಮೊದಲ ಅಲೆ ತಟ್ಟುತ್ತದೆ, ಹಾಸಿಗೆಯ ಮೇಲಿರುವ ನಮಗೆ ತಟ್ಟುವುದಿಲ್ಲ. ಅದು ಎದ್ದು ಬೊಗಳಿದ ಮೇಲೆ ಮನೆ ನಡುಗಿದರೆ ನಾಯಿಗೆ ಭವಿಷ್ಯ ಗೊತ್ತಿತ್ತು ಅಂತ ನಮಗೆ ಅನಿಸುತ್ತದೆ. ಅದು ಹೇಳಿದ್ದು ಆಗಲೇ ಆಗಿಹೋಗಿದ್ದ ಸುದ್ದಿಯನ್ನು.

ಒಂದು ಗಂಟೆ ಮುಂಚೆ ಗೊತ್ತಾಗುತ್ತದೆಯೇ ಅನ್ನುವುದು ಎರಡನೇ ಪ್ರಶ್ನೆ. ಇದಕ್ಕೆ ಗಟ್ಟಿ ಆಧಾರ ಇನ್ನೂ ಸಿಕ್ಕಿಲ್ಲ. ನಿಮ್ಮ ಕಾರಿನ ಎರಡು ರಾತ್ರಿಗಳೇ ನೋಡಿ: ಟಾಮಿ ಮೂರು ಸಲ ಚಡಪಡಿಸಿದ, ಭೂಮಿ ನಡುಗಿದ್ದು ಒಂದು ಸಲ. ಇನ್ನೊಂದು ವರ್ಷ ಕಳೆದರೆ ಆ ಒಂದೇ ರಾತ್ರಿ ಮನೆಯವರ ಬಾಯಲ್ಲಿ ಉಳಿದಿರುತ್ತದೆ, ಉಳಿದೆರಡು ಮರೆತೇಹೋಗಿರುತ್ತವೆ.

ವೈದ್ಯನಾಗಿ ನನಗೆ ಚಿಂತೆ ಇರುವುದು ಬೇರೆ ಕಡೆ. ಎಂಟು ವರ್ಷದ ನಾಯಿ ರಾತ್ರಿ ಹೊತ್ತು ನಡುಗುತ್ತಾ ಓಡಾಡುತ್ತದೆ ಎಂದರೆ ಕೀಲು ನೋವು, ಹೊಟ್ಟೆ ಉಬ್ಬರ, ಕಿವಿಯ ಸೋಂಕು, ಯಾವುದೋ ಸದ್ದಿನ ಭಯ, ಇವೆಲ್ಲ ನನ್ನ ತಲೆಗೆ ಮೊದಲು ಬರುತ್ತವೆ. ಭೂಕಂಪ ಪಟ್ಟಿಯ ಕೊನೆಯಲ್ಲಿದೆ. ಒಂದು ನೋಟ್‌ಬುಕ್ ಇಡಿ. ಅವನು ಎದ್ದ ಸಮಯ, ಎಷ್ಟು ಹೊತ್ತು, ಆಗ ಮನೆಯಲ್ಲಿ ಏನು ನಡೆದಿತ್ತು, ಎಲ್ಲ ಬರೆಯಿರಿ. ಅವನು ಸುಮ್ಮನೆ ಮಲಗಿದ ರಾತ್ರಿಗಳನ್ನೂ ಬಿಡದೆ ಬರೆಯಬೇಕು, ಅದು ಮುಖ್ಯ. ಮತ್ತೆ ಒಮ್ಮೆ ತಪಾಸಣೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಚೀನಾದಲ್ಲಿ ಪ್ರಾಣಿಗಳ ವರ್ತನೆ ನೋಡಿಯೇ ಇಡೀ ಊರು ಖಾಲಿ ಮಾಡಿಸಿ ಜನರನ್ನು ಉಳಿಸಿದರು ಅಂತ ಓದಿದ್ದೇನೆ. ಅದು ಸುಳ್ಳಾ?

ಉತ್ತರ: ಸುಳ್ಳಲ್ಲ, ಅರ್ಧ ಕತೆ. 1975ರ ಫೆಬ್ರವರಿ 4ರಂದು ಹೈಚೆಂಗ್‌ನಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಅದಕ್ಕೂ ಮೊದಲಿನ ವಾರಗಳಲ್ಲಿ, ಕೊರೆಯುವ ಚಳಿಗಾಲದಲ್ಲಿ, ಬಿಲದಲ್ಲಿ ಮಲಗಿರಬೇಕಿದ್ದ ಹಾವುಗಳು ಹೊರಬಂದು ಹಿಮದ ಮೇಲೆ ಸತ್ತು ಬಿದ್ದಿದ್ದವು ಅಂತ ವರದಿಗಳಿವೆ. ಬಾವಿ ನೀರಿನ ಮಟ್ಟ ಏರುಪೇರಾಗಿದ್ದೂ ಇದೆ. ಆದರೆ ಜನರನ್ನು ಮನೆಯಿಂದ ಹೊರಗೆ ಕಳಿಸಲು ನಿಜವಾದ ಕಾರಣ ಅದಲ್ಲ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ನಮ್ಮ ಗುಂಪಿನಲ್ಲೇ ಇದ್ದಾರೆ, ಭೂಕಂಪ ಮಾಪನ ಕೇಂದ್ರದಲ್ಲಿ ಕೆಲಸ ಮಾಡುವವರು. ದಯವಿಟ್ಟು ಬನ್ನಿ ಸರ್.

ಭೂಕಂಪ ಮಾಪನ ಕೇಂದ್ರದ ಸದಸ್ಯರು: ಕರೆದಿದ್ದಕ್ಕೆ ಧನ್ಯವಾದ ಡಾಕ್ಟ್ರೇ. ಹೈಚೆಂಗ್‌ನಲ್ಲಿ ದೊಡ್ಡ ಕಂಪನಕ್ಕೆ ಮುಂಚಿನ ಕೆಲವು ದಿನಗಳಲ್ಲಿ ನೂರಾರು ಸಣ್ಣ ಕಂಪನಗಳಾದವು. ನಾವು ಅವನ್ನು ಮುನ್‌ಕಂಪನ ಅನ್ನುತ್ತೇವೆ. ಜನರಿಗೇ ಕಾಲ ಕೆಳಗೆ ಗೊತ್ತಾಗುತ್ತಿತ್ತು. ಅಧಿಕಾರಿಗಳನ್ನು ಎಬ್ಬಿಸಿದ್ದು ಮುಖ್ಯವಾಗಿ ಅವು. ಮುಂದಿನ ವರ್ಷ ಅದೇ ದೇಶದ ತಾಂಗ್‌ಶಾನ್‌ನಲ್ಲಿ 1976ರ ಜುಲೈ 28ರ ನಸುಕಿನಲ್ಲಿ ಇನ್ನೂ ದೊಡ್ಡ ಕಂಪನವಾಯಿತು. ಅಲ್ಲಿ ಅಂಥ ಮುನ್‌ಕಂಪನಗಳು ಬರಲಿಲ್ಲ, ಎಚ್ಚರಿಕೆಯೂ ಹೊರಡಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಸುಮಾರು 2,42,000 ಜನ ಸತ್ತರು. ಹೈಚೆಂಗ್‌ನ ಹಾವಿನ ಕತೆ ಹೇಳುವವರು ತಾಂಗ್‌ಶಾನ್ ಹೆಸರೆತ್ತುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲೇ. ಇನ್ನೊಂದು ಮಾತು: ಮುನ್‌ಕಂಪನ ಅಂತ ಹೆಸರಿಡುವುದೂ ದೊಡ್ಡದು ಬಂದ ಮೇಲೆಯೇ. ಸಣ್ಣ ಕಂಪನವಾದಾಗ ಅದರ ಹಿಂದೆ ದೊಡ್ಡದು ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು.

ಪ್ರಶ್ನೆ: ಹಾಗಾದರೆ ಹಸು, ಕಪ್ಪೆಗಳ ಮೇಲೆ ವಿಜ್ಞಾನಿಗಳೇ ಸಂಶೋಧನೆ ಮಾಡಿದ್ದಾರಲ್ಲ? ಅದನ್ನು ನೀವಿಬ್ಬರೂ ಬಿಟ್ಟುಬಿಟ್ಟಿರಿ.

ಉತ್ತರ: ಬಿಡುವುದಿಲ್ಲ, ನನಗೆ ಇಷ್ಟವಾದ ಭಾಗವೇ ಅದು. 2009ರಲ್ಲಿ ಇಟಲಿಯ ಲಾಕ್ವಿಲಾದಲ್ಲಿ ಭೂಕಂಪವಾದಾಗ ಅಲ್ಲಿಂದ 74 ಕಿಲೋಮೀಟರ್ ದೂರದ ಕೆರೆಯೊಂದರಲ್ಲಿ ಜೀವವಿಜ್ಞಾನಿಯೊಬ್ಬರು ನೆಲಗಪ್ಪೆಗಳ ಸಂತಾನ ಋತುವನ್ನು ದಿನಾ ಎಣಿಸುತ್ತಾ ಕೂತಿದ್ದರು. ಭೂಕಂಪದ ಗೊಡವೆಯೇ ಅವರಿಗಿರಲಿಲ್ಲ. ಐದು ದಿನ ಮುಂಚೆ ಗಂಡು ಕಪ್ಪೆಗಳಲ್ಲಿ ನೂರಕ್ಕೆ 96 ಜಾಗ ಖಾಲಿ ಮಾಡಿದವು. ಈ ಲೆಕ್ಕಕ್ಕೆ ಬೆಲೆ ಇರುವುದು ಅದು ಮೊದಲೇ ಬರೆದಿಟ್ಟದ್ದರಿಂದ. ಕಂಪನವಾದ ಮೇಲೆ ನೆನಪಿನಿಂದ ಹೆಕ್ಕಿದ್ದಲ್ಲ. ಆದರೂ ಒಂದು ಕೆರೆ, ಒಂದು ಘಟನೆ.

ಹಸುವಿನದ್ದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಾರ್ಟಿನ್ ವಿಕೆಲ್ಸ್ಕಿ ಅವರ ತಂಡದ ಕೆಲಸ, ಪ್ರಕಟವಾದದ್ದು 2020ರಲ್ಲಿ. ಇಟಲಿಯಲ್ಲಿ ಮೇಲಿಂದ ಮೇಲೆ ಕಂಪನವಾಗುತ್ತಿದ್ದ ಪ್ರದೇಶದ ಒಂದು ಸಾಕಣೆ ಮನೆಯಲ್ಲಿ ಆರು ಹಸು, ಐದು ಕುರಿ, ಎರಡು ನಾಯಿಗಳ ಕೊರಳಿಗೆ ಚಲನೆ ಅಳೆಯುವ ಸಾಧನ ಕಟ್ಟಿದರು. ಕೊಟ್ಟಿಗೆಯಲ್ಲಿದ್ದಾಗ, ಕಂಪನಕ್ಕೆ 20 ಗಂಟೆಗಳ ಮುಂಚಿನವರೆಗೂ, ಪ್ರಾಣಿಗಳ ಚಡಪಡಿಕೆ ಹೆಚ್ಚಿದ್ದು ಕಂಡಿತು ಎಂದು ಅವರ ವಾದ. ಕುತೂಹಲದ ಕೆಲಸ, ನಗುವಂಥದ್ದಲ್ಲ. ಆದರೆ ಗಮನಿಸಿ: ಇದು ಒಂದೇ ಮನೆ, ಹದಿಮೂರು ಪ್ರಾಣಿ. ಅವರು ನೋಡಿದ್ದು ಇಡೀ ಗುಂಪಿನ ಚಲನೆಯನ್ನು, ಒಂಟಿ ಟಾಮಿಯದ್ದನ್ನಲ್ಲ.

ಇನ್ನು 2018ರಲ್ಲಿ ಜರ್ಮನಿಯ ಭೂವಿಜ್ಞಾನಿಗಳು ಇಂಥ ವರದಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರು. 160 ಭೂಕಂಪ, 130ಕ್ಕೂ ಹೆಚ್ಚು ಜಾತಿಯ ಪ್ರಾಣಿ, 700ಕ್ಕೂ ಹೆಚ್ಚು ವರದಿ. ಅಷ್ಟರಲ್ಲಿ ಸತತವಾಗಿ ಅಳತೆ ಮಾಡಿ ಬರೆದ ದಾಖಲೆ ಬರೀ 14, ಅವುಗಳಲ್ಲಿ ಅತಿ ಉದ್ದದ್ದು ಒಂದು ವರ್ಷದ್ದು. ಉಳಿದದ್ದೆಲ್ಲ "ಅಂದು ನಮ್ಮ ನಾಯಿ ಹೀಗೆ ಮಾಡಿತ್ತು" ಎಂಬ ಒಂದೊಂದು ಸಾಲು. ಪ್ರಾಣಿಗಳು ಗಲಾಟೆ ಮಾಡಿದ ಸಮಯವೂ ಮುನ್‌ಕಂಪನ ಬರುವ ಸಮಯವೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಅಂದರೆ ಎಷ್ಟೋ ಪ್ರಾಣಿಗಳು ಸ್ಪಂದಿಸಿದ್ದು ನಮಗೆ ತಿಳಿಯದಷ್ಟು ಸಣ್ಣ ಕಂಪನಕ್ಕೇ ಇರಬೇಕು.

ಎಲ್ಲ ಪ್ರಾಣಿಯೂ ಒಂದೇ ತರಹ ಅಲ್ಲ ಅನ್ನುವುದಕ್ಕೆ ಒಂದು ತಮಾಷೆಯ ಉದಾಹರಣೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 5.8ರ ಕಂಪನವಾದಾಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮೃಗಾಲಯದ ಲೆಮೂರ್‌ಗಳು ಕಾಲು ಗಂಟೆ ಮೊದಲೇ ಕೂಗಿದವು, ಗೊರಿಲ್ಲಾ ತಾಯಿ ಕೆಲವೇ ಸೆಕೆಂಡು ಮುಂಚೆ ಮರಿಯನ್ನು ಎತ್ತಿಕೊಂಡು ಮೇಲೇರಿತು, ಫ್ಲೆಮಿಂಗೋಗಳು ಗುಂಪುಗೂಡಿದವು. ಪಾಂಡಾಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಇದ್ದವು.

ಪ್ರಶ್ನೆ: ಡಾಕ್ಟ್ರೇ, ಇದೇ ವಿಷಯ ಓದುತ್ತಿದ್ದೆ, ನನ್ನದೂ ಒಂದು ಕೇಳಿಬಿಡುತ್ತೇನೆ. ನಮ್ಮ ಮೂರು ವರ್ಷದ ಗಂಡು ಬೆಕ್ಕು ನಿನ್ನೆ ರಾತ್ರಿಯಿಂದ ಮಂಚದ ಕೆಳಗೆ ಮೂಲೆಯಲ್ಲಿ ಕೂತಿದೆ. ಕರೆದರೂ ಬರುವುದಿಲ್ಲ, ತಿಂದಿಲ್ಲ. ಆಗಾಗ ಎದ್ದು ಮರಳಿನ ಟ್ರೇಗೆ ಹೋಗಿ ಕೂರುತ್ತದೆ, ಅರಚುತ್ತದೆ, ಮತ್ತೆ ಅಡಗುತ್ತದೆ. "ಎಲ್ಲೋ ಭೂಮಿ ನಡುಗಲಿದೆ, ಬೆಕ್ಕು ಅಡಗುವುದು ಅದಕ್ಕೇ" ಅಂತ ಅಣ್ಣ ಹೇಳುತ್ತಿದ್ದಾನೆ. ಎರಡು ದಿನ ಕಾದು ನೋಡಲಾ?

ಉತ್ತರ: ಕಾಯಬೇಡಿ. ಓದುವುದು ನಿಲ್ಲಿಸಿ, ಈಗಲೇ ಹೊರಡಿ. ಟ್ರೇಯಲ್ಲಿ ಮೂತ್ರದ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ಎರಡು ಹನಿ ಮಾತ್ರ ಇದ್ದರೆ, ಮೂತ್ರನಾಳ ಕಟ್ಟಿಕೊಂಡಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಕೈಕೊಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗುವ ತೊಂದರೆ ಇದು. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ, ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ತಲುಪಿದ ಮೇಲೆ ಒಂದು ಮಾತು ಹಾಕಿ.

ಪ್ರಶ್ನೆ: ಮೇಲಿನವರ ಬೆಕ್ಕು ಹುಷಾರಾಗಲಿ. ಅಷ್ಟರಲ್ಲಿ ಒಂದು ಚಿಕ್ಕ ಸಂಶಯ. ನಿಜವಾಗಿಯೂ ಭೂಮಿ ನಡುಗಿದಾಗ ನಾಯಿ, ಬೆಕ್ಕನ್ನು ಎತ್ತಿಕೊಂಡು ಓಡಬೇಕಾ?

ಉತ್ತರ: ಬೇಡ. ನಡುಕದ ನಡುವೆ ಅವನ್ನು ಹಿಡಿಯಲು ಹೋದರೆ ಕಚ್ಚಿಸಿಕೊಳ್ಳುತ್ತೀರಿ, ಇಲ್ಲವೇ ಬೀಳುವ ವಸ್ತುವಿನ ಕೆಳಗೆ ಸಿಗುತ್ತೀರಿ. ಗಟ್ಟಿ ಮೇಜಿನ ಕೆಳಗೆ ಕುಕ್ಕರಿಸಿ, ತಲೆ ಮುಚ್ಚಿ, ಮೇಜಿನ ಕಾಲು ಹಿಡಿದುಕೊಳ್ಳಿ. ಪ್ರಾಣಿಗಳು ತಮ್ಮ ಅಡಗುವ ಜಾಗ ತಾವೇ ಹುಡುಕಿಕೊಳ್ಳುತ್ತವೆ. ನಿಂತ ಮೇಲೆ ಬಾಗಿಲು ತೆರೆಯುವ ಮೊದಲು ಬೆಲ್ಟ್ ಹಾಕಿ, ಯಾಕೆಂದರೆ ಎಷ್ಟೋ ನಾಯಿಗಳು ಕಳೆದುಹೋಗುವುದು ನಡುಕದಲ್ಲಲ್ಲ, ಅದಾದ ಹತ್ತು ನಿಮಿಷದಲ್ಲಿ. ಮೊದಲೇ ಮಾಡಿಡುವ ಕೆಲಸವೆಂದರೆ ಮೈಕ್ರೋಚಿಪ್, ಇತ್ತೀಚಿನ ಫೋಟೋ, ಮೂರು ದಿನದ ಆಹಾರ ಮತ್ತು ಔಷಧಿ, ಬೆಕ್ಕಿಗೆ ಅಭ್ಯಾಸವಾದ ಬುಟ್ಟಿ. ಅಭ್ಯಾಸ ಅನ್ನುವುದಕ್ಕೆ ಒತ್ತು ಕೊಟ್ಟೆ. ಅಟ್ಟದಿಂದ ಆಗಷ್ಟೇ ಇಳಿಸಿದ ಬುಟ್ಟಿಗೆ ಯಾವ ಬೆಕ್ಕೂ ಹೋಗುವುದಿಲ್ಲ.

ಭೂಕಂಪ ಮಾಪನ ಕೇಂದ್ರದ ಸದಸ್ಯರು: ನನ್ನದೊಂದು ಸೇರಿಸಿ. ನಾಯಿಯನ್ನು ಕಾಯುವ ಬದಲು ಫೋನಿನ ಭೂಕಂಪ ಎಚ್ಚರಿಕೆ ಆನ್ ಮಾಡಿಡಿ. ಜಪಾನ್ 2007ರಿಂದ ಇಡೀ ದೇಶಕ್ಕೆ ಕೊಡುತ್ತಿರುವ ಎಚ್ಚರಿಕೆಯೂ ಡಾಕ್ಟ್ರು ಹೇಳಿದ ಪಿ ಅಲೆಯನ್ನೇ ಹಿಡಿಯುವುದು. ಕೇಂದ್ರದ ಹತ್ತಿರದ ಯಂತ್ರಕ್ಕೆ ಅಲೆ ತಟ್ಟುತ್ತದೆ, ಸಂದೇಶ ಅಲೆಗಿಂತ ವೇಗವಾಗಿ ದೂರದವರಿಗೆ ಮುಟ್ಟುತ್ತದೆ. ಆ ಯಂತ್ರ ಎಲ್ಲೋ ಬೆಕ್ಕು ಓಡಿತು ಅಂತ ಬೊಗಳುವುದಿಲ್ಲ.

ಬೆಕ್ಕಿನ ಸದಸ್ಯೆ: ಡಾಕ್ಟ್ರೇ, ನೀವು ಹೇಳಿದ್ದೇ. ಪೂರ್ತಿ ಕಟ್ಟಿತ್ತು. ಅರಿವಳಿಕೆ ಕೊಟ್ಟು ನಳಿಕೆ ಹಾಕಿದ್ದಾರೆ, ಮೂರು ದಿನ ಅಲ್ಲೇ ಇರಬೇಕಂತೆ. ನಾಳೆ ಬೆಳಿಗ್ಗೆ ಬಂದಿದ್ದರೆ ಕಷ್ಟವಿತ್ತು ಅಂದರು. ಅಣ್ಣ ಆಸ್ಪತ್ರೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ.

ಉತ್ತರ: ಅಣ್ಣನಿಗೆ ಬೈಯಬೇಡಿ. ಬೆಕ್ಕು ಅಡಗಿದ್ದನ್ನು ಗಮನಿಸಿದ್ದೂ ಅವರೇ ಅಲ್ಲವೇ? ಮನೆಗೆ ಬಂದ ಮೇಲೆ ನೀರು ಹೆಚ್ಚು ಕುಡಿಸುವುದು ಹೇಗೆ ಅಂತ ಬೇರೆಯಾಗಿ ಬರೆಯುತ್ತೇನೆ.

ಟಾಮಿಯ ಮನೆಯವರು: ಡಾಕ್ಟ್ರೇ, ಮೂರು ವಾರದ ನೋಟ್‌ಬುಕ್ ಸಿದ್ಧ. ತಪಾಸಣೆಯಲ್ಲಿ ಕಿವಿ, ಕೀಲು ಎಲ್ಲ ಚೆನ್ನಾಗಿದೆ ಅಂದರು. ಇಪ್ಪತ್ತೊಂದು ರಾತ್ರಿಯಲ್ಲಿ ಒಂಬತ್ತು ರಾತ್ರಿ ಚಡಪಡಿಸಿದ್ದಾನೆ, ಭೂಮಿ ಒಂದು ಸಲವೂ ನಡುಗಿಲ್ಲ. ವಿಚಿತ್ರವೆಂದರೆ ಎಲ್ಲವೂ ಮೂರರಿಂದ ಐದರ ಒಳಗೆ, ಅದೂ ಚಳಿ ಹೆಚ್ಚಿದ್ದ ರಾತ್ರಿಗಳಲ್ಲೇ.

ಉತ್ತರ: ಚಳಿ ಅಂದಿರಲ್ಲ, ಅಲ್ಲೇ ಸುಳಿವಿದೆ. ಮನೆಯಲ್ಲಿ ಹೊಗೆ ಬಂದರೆ ಕೂಗುವ ಅಲಾರಂ ಇದೆಯೇ? ಅದರ ಬ್ಯಾಟರಿ ಮುಗಿಯುತ್ತಾ ಬಂದಾಗ ನಿಮಿಷಕ್ಕೊಮ್ಮೆ "ಚಿಕ್" ಅನ್ನುತ್ತದೆ. ತಂಪಾದಾಗ ಬ್ಯಾಟರಿಯ ಶಕ್ತಿ ಇನ್ನಷ್ಟು ಇಳಿಯುವುದರಿಂದ ಬೆಳಗಿನ ಜಾವವೇ ಶುರುವಾಗುತ್ತದೆ, ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಬಾಗಿಲು ಹಾಕಿ ಮಲಗಿದ ನಿಮಗೆ ಕೇಳಿಸದೇ ಇರಬಹುದು, ನಾಯಿಗೆ ಅದು ಸೂಜಿ ಚುಚ್ಚಿದ ಹಾಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು 2021ರಲ್ಲಿ ಇದನ್ನೇ ಹೇಳಿದರು: ಒಂದೇ ಸಮನೆ ಗುಯ್‌ಗುಟ್ಟುವ ಸದ್ದಿಗಿಂತ ಬಿಟ್ಟು ಬಿಟ್ಟು ಬರುವ ಇಂಥ ಕೀರಲು ಸದ್ದಿಗೆ ನಾಯಿಗಳು ಹೆಚ್ಚು ಹೆದರುತ್ತವೆ, ಎಷ್ಟೋ ಮಾಲೀಕರಿಗೆ ಆ ಭಯ ಗೊತ್ತೇ ಆಗುವುದಿಲ್ಲ.

ಟಾಮಿಯ ಮನೆಯವರು: ಸಿಕ್ಕಿತು! ಸ್ಟೋರ್ ರೂಮಿನ ಮೂಲೆಯಲ್ಲಿತ್ತು, ನಾವು ಅದನ್ನು ಮರೆತೇಬಿಟ್ಟಿದ್ದೆವು. ನಿನ್ನೆ ನಾಲ್ಕಕ್ಕೆ ಎದ್ದು ನಾನೇ ಕಿವಿಯಾರೆ ಕೇಳಿದೆ. ಬ್ಯಾಟರಿ ಬದಲಾಯಿಸಿದ್ದೇವೆ, ಟಾಮಿ ಈಗ ಕಾಲು ಚಾಚಿ ಮಲಗಿದ್ದಾನೆ. ಅತ್ತೆ ಮಾತ್ರ ಒಪ್ಪುತ್ತಿಲ್ಲ. "ಈ ಒಂಬತ್ತು ರಾತ್ರಿ ಬ್ಯಾಟರಿ, ಸರಿ. ಆದರೆ ಆ ರಾತ್ರಿಯದು ಬೇರೆ" ಅನ್ನುತ್ತಿದ್ದಾರೆ.

ಉತ್ತರ: ಆ ರಾತ್ರಿ ಯಾರೂ ಬರೆದಿಡಲಿಲ್ಲವಲ್ಲ, ಹಾಗಾಗಿ ಅತ್ತೆಯವರ ಜೊತೆ ವಾದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಇನ್ನು ಮುಂದೆ ನೋಟ್‌ಬುಕ್ ಅವರ ಕೈಗೇ ಕೊಡಿ.