ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಒಬ್ಬಳೇ ಬದಲಿಸುವುದು ಹೇಗೆ?

ಪ್ರಶ್ನೆ: ನಮಸ್ತೆ ಸಿಸ್ಟರ್. ನಮ್ಮದು ಸೋಮವಾರಪೇಟೆ ಹತ್ತಿರ. ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದೆ. ನಮ್ಮವರು ತೋಟಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಏರ್ ಬೆಡ್ ಹಾಕಿದ್ದೇವೆ, ಆದರೂ ಬೆನ್ನಿನ ಕೆಳಗೆ, ಬಾಲದ ಮೂಳೆ ಹತ್ತಿರ ಕೆಂಪಾಗಿದೆ. ಕಂಕುಳಿಗೆ ಕೈ ಹಾಕಿ ಎಳೆದರೆ ನರಳುತ್ತಾರೆ. ಕೆಂಪಾದಲ್ಲಿ ಎಣ್ಣೆ ಹಚ್ಚಿ ತಿಕ್ಕು ಅಂತಾರೆ ಪಕ್ಕದ ಮನೆಯವರು. ತಿಕ್ಕಬಹುದಾ?

ಉತ್ತರ: ತಿಕ್ಕಬೇಡಿ ಅಕ್ಕ. ಅಲ್ಲಿ ಚರ್ಮದ ಒಳಗೆ ಆಗಲೇ ಪೆಟ್ಟಾಗಿರಬಹುದು, ತಿಕ್ಕಿದರೆ ಜಾಸ್ತಿಯಾಗುತ್ತದೆ. ಬೆರಳಿಂದ ಸ್ವಲ್ಪ ಒತ್ತಿ ಬಿಟ್ಟು ನೋಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಆ ಜಾಗದ ಮೇಲೆ ಭಾರ ಬೀಳದ ಹಾಗೆ ನೋಡಿಕೊಂಡರೆ ಸರಿಹೋಗಬಹುದು. ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ, ತಡ ಮಾಡದೆ ಡಾಕ್ಟರಿಗೆ ತೋರಿಸಿ. ಚರ್ಮ ಕಪ್ಪಗಿದ್ದರೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಆಗ ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ.

ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮಾತ್ರ ಜರುಗುತ್ತದೆ. ನಡುವೆ ರಕ್ತನಾಳ ಹಿಂಡಿಹೋಗುತ್ತದೆ. ಅದೂ ಅಲ್ಲದೆ, ಸ್ವಾಧೀನ ಇಲ್ಲದ ಕೈ ಜಗ್ಗಿದರೆ ಭುಜದ ಕೀಲು ಜಾರಬಹುದು.

ಮೊದಲು ಮಂಚವನ್ನು ಗೋಡೆಯಿಂದ ಈಚೆ ಎಳೆಯಿರಿ, ಎರಡೂ ಕಡೆ ನಿಮಗೆ ಓಡಾಡಲು ಜಾಗ ಬೇಕು. ಹಳೆಯ ಕಾಟನ್ ಬೆಡ್‌ಶೀಟ್ ಮಡಚಿ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ. ಎಡಕ್ಕೆ ತಿರುಗಿಸಬೇಕಾದರೆ ಮೊದಲು ಅವರ ಬಲಗಡೆ ನಿಂತು, ಆ ಬಟ್ಟೆ ಹಿಡಿದು ಅವರನ್ನು ನಿಮ್ಮ ಕಡೆ ಸ್ವಲ್ಪ ಜರುಗಿಸಿ. ಆ ಅಂಚಿಗೆ ಕುರ್ಚಿ ಒತ್ತಿಟ್ಟು, ಸುತ್ತಿ ಎಡಗಡೆಗೆ ಬನ್ನಿ. ಬಲಗೈಯನ್ನು ಎದೆ ಮೇಲೆ ಇಡಿ. ಬಲ ಮಂಡಿ ಮಡಚಿ. "ಅತ್ತೆ, ಈಗ ನನ್ನ ಕಡೆ ತಿರುಗಿಸ್ತೀನಿ" ಅಂತ ಹೇಳಿ. ಹೇಳದೆ ತಿರುಗಿಸಿದರೆ ಹೆದರಿ ಮೈ ಬಿಗಿ ಮಾಡಿಕೊಳ್ಳುತ್ತಾರೆ. ಆಮೇಲೆ ಒಂದು ಕೈ ಬಲ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇಟ್ಟು ನಿಧಾನ ನಿಮ್ಮತ್ತ ಉರುಳಿಸಿ. ನೀವು ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆ ಮೇಲೆ ಭಾರ ಬೀಳುತ್ತದೆ. 30 ಡಿಗ್ರಿಯಷ್ಟು ವಾಲಿದರೆ ಸಾಕು, ಬೆನ್ನಿಗೆ ದಿಂಬು ಕೊಡಿ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಬಲಕ್ಕೆ ಮಲಗಿಸುವಾಗ ಬಲಗೈ ಮೈ ಕೆಳಗೆ ಸಿಕ್ಕಿಕೊಳ್ಳದಂತೆ ಭುಜವನ್ನು ಮುಂದಕ್ಕೆ ತಂದಿಡಿ. ಕೆಂಪು ಇಳಿಯುವವರೆಗೆ ಅಂಗಾತ ಮಲಗಿಸುವುದು ಕಡಿಮೆ ಮಾಡಿ.

ಪ್ರಶ್ನೆ: ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ತಿರುಗಿಸಬೇಕಾ? ರಾತ್ರಿನೂ?

ಉತ್ತರ: ಈಗ ಕೆಂಪಾಗಿದೆಯಲ್ಲ, ರಾತ್ರಿಯೂ ಬೇಕು. ಚರ್ಮ ಸರಿಹೋದ ಮೇಲೆ ಅಂತರ ಹೆಚ್ಚಿಸಬಹುದಾ ಅಂತ ನೋಡುವ ಡಾಕ್ಟರನ್ನೇ ಕೇಳಿ. ಏರ್ ಬೆಡ್ ಸಹಾಯ ಮಾಡುತ್ತದೆ, ಆದರೆ ಅದು ಇದೆ ಅಂತ ತಿರುಗಿಸುವುದನ್ನು ಬಿಡುವ ಹಾಗಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಪಂಪ್ ನಿಂತು ಗಾಳಿ ಇಳಿಯುತ್ತದೆ, ಆಗ ಮೈ ಹಲಗೆಗೇ ಒತ್ತುತ್ತಿರುತ್ತದೆ. ಅಂಗೈಯನ್ನು ಅವರ ಸೊಂಟದ ನೇರಕ್ಕೆ ಏರ್ ಬೆಡ್ ಕೆಳಗೆ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು.

ಜುಲೈ ತಿಂಗಳಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ? ಒಲೆ ಪಕ್ಕ ಹಾಕಿಯಾದರೂ ಪೂರ್ತಿ ಒಣಗಿಸಿ. ತೇವದ ಚರ್ಮ ಬೇಗ ಕಿತ್ತುಬರುತ್ತದೆ. ತಿರುಗಿಸಿದಾಗೆಲ್ಲ ಡೈಪರ್ ನೋಡಿ, ಬಟ್ಟೆಯ ಸುಕ್ಕು ಬಿಡಿಸಿ. ಪೌಡರ್ ಬೇಡ, ಒದ್ದೆಯಾದರೆ ಗಂಟು ಕಟ್ಟಿ ಉಜ್ಜುತ್ತದೆ. ಊಟ ಆದ ಕೂಡಲೇ ತಿರುಗಿಸಬೇಡಿ. ಅರ್ಧ ಗಂಟೆಯಾದರೂ ತಲೆ ಎತ್ತರದಲ್ಲಿರಲಿ.

ಇನ್ನು, ರಾತ್ರಿ ಪಾಳಿ ನಿಮ್ಮವರದ್ದಾಗಲಿ ಅಕ್ಕ. ಅವರ ತಾಯಿಯೇ ತಾನೆ? ಇವತ್ತು ಸಂಜೆ ಇಬ್ಬರೂ ಸೇರಿ ಒಮ್ಮೆ ತಿರುಗಿಸಿ, ಅವರಿಗೂ ಕೈ ಎಲ್ಲಿಡಬೇಕು ಅಂತ ತೋರಿಸಿಕೊಡಿ.