ಶನಿವಾರದ ಪ್ರಶ್ನೋತ್ತರ: ಗಾಳಿಗೆ ಹಾರುವ ಗುಡಾರ

ನಿರ್ವಾಹಕ: ಈ ವಾರದ ವಿಷಯ ಹಗುರ ಮರೆಗುಡಾರ. ಹೊರದೇಶದಲ್ಲಿ ಬೇಟೆಗಾರರಿಗೆಂದು ತಯಾರಾಗಿ, ನಮ್ಮಲ್ಲಿ ಹಕ್ಕಿಯ ಫೋಟೊ ತೆಗೆಯುವವರು ಕೊಳ್ಳುವ, ಕೊಡೆಯಂತೆ ಬಿಚ್ಚಿಕೊಳ್ಳುವ ಗುಡಾರ. ಇಪ್ಪತ್ತೆರಡು ವರ್ಷಗಳಿಂದ ಛಾಯಾಗ್ರಾಹಕರಿಗೂ ಸಂಶೋಧಕರಿಗೂ ಹೈಡ್ (ಅಡಗಿ ಕೂರುವ ಮರೆ) ಕಟ್ಟಿಕೊಡುತ್ತಿರುವ ನಮ್ಮ ‘ಮರೆಗಾರ’ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶ ಬೇಡ.

ಎರೆಹೊಲ: ನಮಸ್ಕಾರ ಸರ್. ನಮ್ಮದು ಗದಗ ಜಿಲ್ಲೆ, ಮಾಗಡಿ ಕೆರೆಯ ಹತ್ತಿರ ಹೊಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬೆಳಗಿನ ಜಾವ ಮೇಯಲು ಬರುತ್ತವೆ. ಗುಡಾರ ಹಾಕಿದೆ. ಎಂಟು ಗಂಟೆಗೆ ಗಾಳಿ ಎದ್ದಾಗ ಗೂಟಗಳು ಬೆಣ್ಣೆಯಿಂದ ಕಡ್ಡಿ ಎಳೆದಂತೆ ಕಿತ್ತು ಬಂದವು. ಏನು ಮಾಡಬೇಕು?

ಮರೆಗಾರ: ನಮಸ್ಕಾರ. ಕಪ್ಪತಗುಡ್ಡದ ಸೀಮೆಯವರು ಗಾಳಿಯನ್ನು ಲಘುವಾಗಿ ಎಣಿಸಬಾರದು. ಚೀಲದೊಳಗೆ ಬರುವ ಗೇಣುದ್ದದ ತಂತಿಗೂಟಗಳನ್ನು ಮೊದಲು ಗುಜರಿಗೆ ಹಾಕಿ. ಎರೆ ಮಣ್ಣು ಈಗ ಮೇಲೆ ಒಣಗಿ ಬಿರುಕು ಬಿಟ್ಟಿದೆ, ಕೆಳಗೆ ಇನ್ನೂ ಹಸಿ. ಸಣ್ಣ ಗೂಟಕ್ಕೆ ಎರಡು ಕಡೆಯೂ ಹಿಡಿತ ಸಿಗುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕೋನಕಬ್ಬಿಣದ ಒಂದೂವರೆ ಅಡಿಯ ಗೂಟ ಮಾಡಿಸಿ. ತಲೆ ಗುಡಾರದಿಂದ ಆಚೆಗೆ ವಾಲಿರಲಿ, ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಚ್ಚುಕಡಿಮೆ ಲಂಬಕೋನ ಬರಬೇಕು. ಗಾಳಿ ಬರುವ ದಿಕ್ಕಿನ ಗೂಟವನ್ನು ಎಲ್ಲಕ್ಕಿಂತ ಮೊದಲು ಹೊಡೆಯಿರಿ, ಗುಡಾರವನ್ನು ಆಮೇಲೆ ಬಿಚ್ಚಿ.

ಅದೂ ನಿಲ್ಲದಿದ್ದರೆ ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ, ನಡುವಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಅಡ್ಡ ಹೂಳಿ ಮಣ್ಣು ತುಳಿಯಿರಿ. ಮರಳಿನಲ್ಲಿಯೂ ಇದೇ ಉಪಾಯ. ಕೆರೆಯ ಗಡಿಯೊಳಗೆ ಮಾತ್ರ ಹಾಕಬೇಡಿ, ಅದು ಸಂರಕ್ಷಣಾ ಮೀಸಲು. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಹೊಸ ಕ್ಯಾಮೆರಾ: ಸರ್, ನನ್ನ ಪ್ರಶ್ನೆ ಚಿಕ್ಕದು. ಗುಡಾರವನ್ನು ಮತ್ತೆ ಮಡಚಿ ಚೀಲಕ್ಕೆ ಸೇರಿಸುವುದು ಹೇಗೆ?

ನಿವೃತ್ತ ಶಿಕ್ಷಕ: ಇದು ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ. “ಗೂಟವೇ ಬೇಡ! ಒಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು ನಾಲ್ಕು ಮೂಲೆಗೆ ಕಟ್ಟಿ. ಬಿರುಗಾಳಿಗೂ ಗುಡಾರ ಅಲುಗದು. ಸೈನಿಕರ ರಹಸ್ಯ.”

ಮರೆಗಾರ: ಮೇಷ್ಟ್ರೇ, ಲೆಕ್ಕ ನಿಮಗೇ ಹೇಳಬೇಕೇ? ಗುಡಾರದ ಒಂದು ಗೋಡೆ ಸುಮಾರು ಎರಡೂವರೆ ಚದರ ಮೀಟರ್. ಗಂಟೆಗೆ 40 ಕಿಲೋಮೀಟರ್ ಗಾಳಿ ಅದನ್ನು ಸುಮಾರು 19 ಕೆಜಿ ಭಾರದಷ್ಟು ಬಲದಿಂದ ತಳ್ಳುತ್ತದೆ. 60 ಕಿಲೋಮೀಟರ್ ಆದರೆ ಸುಮಾರು 42 ಕೆಜಿ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ನಿಮ್ಮ ನಾಲ್ಕು ಬಾಟಲಿಗಳ ತೂಕ ನಾಲ್ಕು ಕೆಜಿ. ಗುಡಾರ ಹಾರುವಾಗ ಅವೂ ಹಾರುತ್ತವೆ, ಯಾರದಾದರೂ ಹಣೆಗೆ ಬಡಿಯುತ್ತವೆ. ನೀರನ್ನು ಕುಡಿಯಿರಿ.

ಕೆರೆ ಏರಿ: ಗೂಟ ಎಷ್ಟು ಉದ್ದ ಇರಬೇಕು ಸರ್?

ಮರೆಗಾರ: ಮೇಲೆ ಓದಿ.

ಸಾಗರದವನು: ಮಲೆನಾಡಿನ ಕಾಡಂಚಿನಲ್ಲಿ ಗುಡಾರದೊಳಗೆ ತರಗೆಲೆ ಹಾಸಿ ಕುಳಿತರೆ ಮೆತ್ತಗಿರುತ್ತದೆ, ಸದ್ದೂ ಬರುವುದಿಲ್ಲ ಎನ್ನುತ್ತಾರೆ. ಸರಿಯೇ?

ಮರೆಗಾರ: ನಿಮ್ಮ ಜಿಲ್ಲೆಯವರೇ ಇದನ್ನು ಕೇಳಬೇಕೇ! ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಹುಳು ಇರುವುದೇ ತರಗೆಲೆಯಲ್ಲಿ, ಕಾಲವೂ ಇದೇ, ಡಿಸೆಂಬರ್‌ನಿಂದ ಮೇವರೆಗೆ. ಎಲೆಯನ್ನು ಕಡ್ಡಿಯಿಂದ ಸರಿಸಿ ನೆಲ ಬರಿದು ಮಾಡಿ, ಟಾರ್ಪಾಲ್ ಹಾಸಿ, ಮೋಟುಕಾಲಿನ ಸ್ಟೂಲಿನ ಮೇಲೆ ಕುಳಿತುಕೊಳ್ಳಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣ್ಣೆಹುಳು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ನಿವೃತ್ತ ಶಿಕ್ಷಕ: ಹಾವು ಬಾರದಂತೆ ಗುಡಾರದ ಸುತ್ತ ಬೆಳ್ಳುಳ್ಳಿ ಜಜ್ಜಿದ ನೀರು ಮತ್ತು ಫಿನಾಯಿಲ್ ಚಿಮುಕಿಸಬೇಕಂತೆ. ಈಶ್ವರಬಳ್ಳಿಯ ಬೇರು ಕಿಸೆಯಲ್ಲಿದ್ದರೆ ಇನ್ನೂ ಉತ್ತಮವಂತೆ.

ಮರೆಗಾರ: ‘ಅಂತೆ’ ಎಂಬ ಪ್ರತ್ಯಯದಿಂದ ಹಾವು ನಿಲ್ಲುವುದಿಲ್ಲ. ಬುಡದ ಬಟ್ಟೆಯನ್ನು ನೆಲಕ್ಕೆ ತಾಗಿಸಿ ಮೇಲೆ ಮಣ್ಣು ಎಳೆಯಿರಿ. ಒಳಗೆ ಹೋಗುವ ಮುನ್ನ ಟಾರ್ಚ್ ಹಾಕಿ ನಾಲ್ಕು ಮೂಲೆ ನೋಡಿ. ಸೊಳ್ಳೆಬತ್ತಿ ಹಚ್ಚುವ ಸಂದೇಶವೂ ನಿಮ್ಮಲ್ಲಿ ಇದ್ದೀತು, ಅದನ್ನು ಹಾಕಬೇಡಿ. ಪಾಲಿಯೆಸ್ಟರ್ ಬಟ್ಟೆ, ಒಂದೇ ಜಿಪ್ ಬಾಗಿಲು, ಒಳಗೆ ಕಿಡಿ. ಯೋಚಿಸಿ.

ಅಡಿಕೆ ತೋಟ: ಸರ್, ತೀರ್ಥಹಳ್ಳಿ ಕಡೆಯವನು. ತೋಟದ ಕೆಳಗೆ ಗದ್ದೆಯ ಅಂಚಿಗೆ ಕಾಡುಕೋಳಿ ಬರುತ್ತದೆ. ಬೆಳಿಗ್ಗೆ ಐದಕ್ಕೇ ಹೋಗಿ ಕೂರುತ್ತೇನೆ. ಗಾಳಿಗೆ ಗುಡಾರದ ಬಟ್ಟೆ ಪಟಪಟ ಬಡಿದು ಕೋಳಿ ಓಡಿಹೋಗುತ್ತದೆ. ಹಿಂದಿನ ಹಗ್ಗಕ್ಕೆ ಬೇರೆ ಗೂಟ ಹೊಡೆಯದೆ ಅಲ್ಲೇ ಇದ್ದ ಒಂದು ಗೂಟಕ್ಕೆ ಕಟ್ಟಿದ್ದೇನೆ. ಫೋಟೊ ಹಾಕಿದ್ದೇನೆ, ಬಟ್ಟೆ ಬಿಗಿಯಾಗಲು ಏನು ಮಾಡಲಿ?

ಮರೆಗಾರ: ಬಟ್ಟೆಯ ಮಾತು ಆಮೇಲೆ. ಆ ಗೂಟ ಯಾರದು?

ಅಡಿಕೆ ತೋಟ: ಪಕ್ಕದ ಗದ್ದೆಯವರದು. ಸಾಲಾಗಿ ನೆಟ್ಟಿದ್ದಾರೆ. ಹಂದಿ ಕಾಟಕ್ಕೆ ಇರಬೇಕು.

ಮರೆಗಾರ: ಇಂದು ರಾತ್ರಿಯಾಗಲಿ ನಾಳೆ ಬೆಳಿಗ್ಗೆ ಕತ್ತಲಿರುವಾಗಲಾಗಲಿ ಅಲ್ಲಿಗೆ ಹೋಗಬೇಡಿ. ಇದನ್ನು ಓದಿದೆ ಎಂದು ಮೊದಲು ಉತ್ತರಿಸಿ, ಮುಂದಿನದನ್ನು ಆಮೇಲೆ ಓದಿ.

ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮೊಣಕಾಲೆತ್ತರದ ಮರದ ಗೂಟ. ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ, ಅದರ ಮೇಲೆ ಒಂದೇ ಎಳೆ ಬೈಂಡಿಂಗ್ ತಂತಿ. ಬಟ್ಟೆ ಒಣಹಾಕುವ ತಂತಿಗೆ ಯಾರೂ ರಬ್ಬರ್ ಸುತ್ತುವುದಿಲ್ಲ, ಕರೆಂಟ್ ಹರಿಸುವ ತಂತಿಗೆ ಸುತ್ತುತ್ತಾರೆ. ನಿಮ್ಮ ಹಗ್ಗದ ಗಂಟು ಆ ರಬ್ಬರಿನಿಂದ ನಾಲ್ಕು ಬೆರಳು ಕೆಳಗಿದೆ.

ಸೌರಬೇಲಿ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಸೌರಬೇಲಿಗೆ ಹಲವು ಎಳೆ, ಸರಿಯಾದ ಇನ್ಸುಲೇಟರ್, ಎಚ್ಚರಿಕೆಯ ಫಲಕ ಇರುತ್ತದೆ. ಅದರ ಯಂತ್ರ ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಇದು ಪಂಪ್‌ಹೌಸಿನಿಂದಲೋ ಕಂಬದಿಂದಲೋ ನೇರ ಎಳೆದ 230 ವೋಲ್ಟ್ ಆಗಿದ್ದರೆ ಬಿಡುವಿಲ್ಲದೆ ಹರಿಯುತ್ತದೆ. ಮುಟ್ಟಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಸಂಜೆ ಹಾಕಿ ಬೆಳಗಾದ ಮೇಲೆ ತೆಗೆಯುತ್ತಾರೆ. ನೀವು ಹೋಗುವುದು ಐದು ಗಂಟೆಗೆ, ಇಬ್ಬನಿಯಲ್ಲಿ, ಬಹುಶಃ ಚಪ್ಪಲಿಯಲ್ಲಿ. ಗಾಳಿಗೆ ಗುಡಾರ ಜಗ್ಗಿದರೆ ಗೂಟ ವಾಲುತ್ತದೆ, ತಂತಿ ನಿಮ್ಮ ಕಡೆಗೆ ಬೀಳುತ್ತದೆ. ಒದ್ದೆ ಬಟ್ಟೆ, ನೆಲದಲ್ಲಿ ಉಕ್ಕಿನ ಗೂಟ, ಒಳಗೆ ನೀವು ಮತ್ತು ಲೋಹದ ಟ್ರೈಪಾಡ್. ಇಷ್ಟು ದಿನ ಬದುಕಿದ್ದು ನಿಮ್ಮ ಪುಣ್ಯ.

ಟೆಸ್ಟರ್ ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ. ಒಣಕೋಲಿನಿಂದ ಎತ್ತುವ ಸಾಹಸವೂ ಬೇಡ. ಹಗಲಿನಲ್ಲಿ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬರಲಿ.

ಇನ್ನೊಂದು ಮಾತು. ಹಂದಿಗೆ ತಂತಿ ಎಳೆಯುವ ಊರಿನಲ್ಲಿ ಹಂದಿಗೆ ಕಾಯುವ ಬಂದೂಕೂ ಇರುತ್ತದೆ. ಮಬ್ಬುಗತ್ತಲಲ್ಲಿ ಗದ್ದೆಯಂಚಿಗೆ ಎಲೆಬಣ್ಣದ ಏನೋ ಅಲುಗಿದರೆ ಕಾಯುವವನು ಅದನ್ನು ಏನೆಂದುಕೊಳ್ಳುತ್ತಾನೆ? ಹಂದಿಯೆಂದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿಯನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಬಂದೂಕಿನ ಬೇಟೆಯ ಕಾಲದಲ್ಲಿ ಇಂಥ ಗುಡಾರದ ಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ ಕಟ್ಟಲೇಬೇಕೆಂಬ ನಿಯಮವಿದೆ. ನೀವೂ ಚಾವಣಿಗೆ ಕಟ್ಟಿ, ಸುತ್ತಲಿನ ಗದ್ದೆಯವರಿಗೆಲ್ಲ ಮೊದಲೇ ಹೇಳಿಡಿ.

ಅಡಿಕೆ ತೋಟ: ಓದಿದೆ ಸರ್. ಕೈ ನಡುಗುತ್ತಿದೆ. ಆದರೆ ಅವರು ನಮ್ಮ ಹತ್ತಿರದ ಸಂಬಂಧಿಕರು. ದೂರು ಕೊಟ್ಟರೆ ಮಾತೇ ನಿಂತುಹೋಗುತ್ತದೆ.

ಮರೆಗಾರ: ನೀವು ಸತ್ತರೂ ಮಾತು ನಿಂತುಹೋಗುತ್ತದೆ.

ಮೂರು ಎಕರೆ: ಮರೆಗಾರರೇ, ಕೋಪ ಸುಲಭ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಕೊಯ್ಲಿಗೆ ಬಂದ ಗದ್ದೆ ಚಾಪೆ ಹಾಸಿದಂತಾಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕಿ ಎಷ್ಟು ಸಲ ಅಲೆಯಬೇಕು ಗೊತ್ತೇ? ನಿಮಗೆ ಅದು ಫೋಟೊ, ನಮಗೆ ಅದು ಊಟ.

ಬೆಂಗಳೂರು ಉತ್ತರ: ಅದಕ್ಕೆಂದು ಕರೆಂಟ್ ಕೊಟ್ಟು ಕೊಲ್ಲುವುದೇ? ನಾಚಿಕೆಯಾಗಬೇಕು.

ಮೂರು ಎಕರೆ: ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಭಾನುವಾರ ಕಾರು ಓಡಿಸಿ ನೆಲಗುಬ್ಬಿಯ ಮೊಟ್ಟೆ ತುಳಿಯುವವರು ನನಗೆ ನಾಚಿಕೆ ಕಲಿಸಬೇಡಿ.

ಬೆಂಗಳೂರು ಉತ್ತರ: ನಾನು ಯಾವತ್ತೂ ದಾರಿ ಬಿಟ್ಟು ಇಳಿದಿಲ್ಲ. ಆಧಾರವಿಲ್ಲದೆ ಮಾತನಾಡಬೇಡಿ.

ಮರೆಗಾರ: ಮೂರು ಎಕರೆಯವರ ಸಂಕಟ ನಿಜ. ತಂತಿಗೆ ಹಂದಿ ಯಾವುದು, ದನ ಯಾವುದು, ಹುಲ್ಲು ಕೊಯ್ಯುವ ಹೆಂಗಸು ಯಾರು ಎಂದು ಗೊತ್ತಾಗುವುದಿಲ್ಲ, ಅದೂ ನಿಜ. ಇಲ್ಲಿ ಇಷ್ಟು ಸಾಕು.

ಮಿನ್ನೆಸೋಟ ಕನ್ನಡಿಗ: ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆ ಆಡುತ್ತೇನೆ. ನೆಲ ಹೆಪ್ಪುಗಟ್ಟಿದೆ, ಗೂಟ ಇಳಿಯುವುದಿಲ್ಲ.

ಬೆಂಗಳೂರು ಉತ್ತರ: ಬೇಟೆಗಾರರಿಗೆ ಈ ಬಳಗದಲ್ಲಿ ಏನು ಕೆಲಸ? ನಿರ್ವಾಹಕರೇ, ಇವರನ್ನು ತೆಗೆದುಹಾಕಿ.

ಮಿನ್ನೆಸೋಟ ಕನ್ನಡಿಗ: ಗುಡಾರವನ್ನು ಮಾಡಿದ್ದೇ ನಮ್ಮಂಥವರಿಗಾಗಿ, ಸ್ವಾಮಿ.

ಮರೆಗಾರ: ಅವರ ದೇಶದ ಕಾನೂನು ಅವರಿಗೆ. ಬ್ಯಾಟರಿ ಡ್ರಿಲ್ಲಿಗೆ ಕಲ್ಲು ಕೊರೆಯುವ ಬಿಟ್ ಹಾಕಿ ಮೊದಲು ತೂತು ಕೊರೆಯಿರಿ, ಉದ್ದನೆಯ ದಪ್ಪ ತಿರುಪುಮೊಳೆಯನ್ನು ತಿರುಗಿಸಿ ಇಳಿಸಿ. ಮುಂದಿನ ವರ್ಷ ನೆಲ ಗಟ್ಟಿಯಾಗುವ ಮೊದಲೇ ನಿಲ್ಲಿಸಿ, ಜಿಂಕೆಗೂ ಅಭ್ಯಾಸವಾಗುತ್ತದೆ. ಹಿಮ ಬೀಳುವ ರಾತ್ರಿ ಬಿಟ್ಟು ಬಂದರೆ ಚಾವಣಿಯ ಕಡ್ಡಿ ಮುರಿಯುತ್ತದೆ.

ಕೆರೆ ಏರಿ: ಬೇಸಿಗೆಯಲ್ಲಿ ಕಳ್ಳಿಪೀರ ಗೂಡು ಮಾಡುವಾಗ ಬಿಲದಿಂದ ಎಷ್ಟು ಅಡಿ ದೂರದಲ್ಲಿ ಗುಡಾರ ಹಾಕಬಹುದು?

ಮರೆಗಾರ: ಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಹಕ್ಕಿಯ ಗೂಡನ್ನು ಕದಡುವುದೂ ಸೇರಿದೆ. ಮಿನ್ನೆಸೋಟದವರನ್ನು ಬೈದವರೆಲ್ಲ ಇದನ್ನು ಓದಿ.

ಕೆರೆ ಏರಿ: ಹಿಂದಿನ ದೊಡ್ಡ ಛಾಯಾಗ್ರಾಹಕರೆಲ್ಲ ಗೂಡಿನ ಎದುರಿಗೇ ಹೈಡ್ ಹಾಕಿ ತೆಗೆದವರಲ್ಲವೇ?

ಮರೆಗಾರ: ಅವರು ಹೈಡನ್ನು ದಿನಕ್ಕೆ ಕೆಲವೇ ಅಡಿ ಮುಂದಕ್ಕೆ ಸರಿಸಿ, ಹಕ್ಕಿ ಒಪ್ಪದಿದ್ದರೆ ಹಿಂದಕ್ಕೆ ಬರುತ್ತಿದ್ದರು. ನಿಮಗೆ ಒಂದು ಭಾನುವಾರ ಮಾತ್ರ ರಜೆ. ನೀರಿನ ಬಳಿ ಕುಳಿತುಕೊಳ್ಳಿ, ಹಕ್ಕಿ ತಾನಾಗಿ ಬರುತ್ತದೆ.

ಗುಬ್ಬಿಮನೆ: ಸರ್, ಗುಡಾರದ ಒಳಬಣ್ಣ ಕಪ್ಪು ಇರಬೇಕೇ? 600 ಮಿಮೀ ಲೆನ್ಸ್ ಸಾಕೇ? ಬೆಲೆ ಎಷ್ಟಾಗುತ್ತದೆ?

ಕೆರೆ ಏರಿ: ಗೂಟದ ಉದ್ದ ಸಿಗಲಿಲ್ಲ ಸರ್.

ಮರೆಗಾರ: ಒಂದೂವರೆ ಅಡಿ. ಒಂದೂವರೆ ಅಡಿ. ಒಂದೂವರೆ ಅಡಿ.

ನಿರ್ವಾಹಕ: ಭಾಷೆಯ ಮೇಲೆ ಹಿಡಿತವಿರಲಿ ಎಂದು ಎಲ್ಲರಲ್ಲಿ ವಿನಂತಿ.

ಹೊಸ ಕ್ಯಾಮೆರಾ: ಮಡಚುವುದು ಹೇಗೆ ಎಂದು ಕೇಳಿದ್ದೆ...

*(ಸೋಮವಾರ)*

ಅಡಿಕೆ ತೋಟ: ಸರ್, ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬಂದ ಮೇಲೆ ಅಣ್ಣನನ್ನು ಕರೆದುಕೊಂಡು ದೂರದಲ್ಲಿ ನಿಂತು ನೋಡಿದೆ. ಗೂಟಗಳಿವೆ, ತಂತಿ ಇಲ್ಲ. ನನ್ನ ಹಗ್ಗವನ್ನು ಯಾರೋ ಬಿಚ್ಚಿ, ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಗುಡಾರದ ಬಾಗಿಲ ಮುಂದೆ ಇಟ್ಟು ಮೇಲೊಂದು ಕಲ್ಲು ಹೇರಿದ್ದಾರೆ.

ಮರೆಗಾರ: ಹಾಗಾದರೆ ಅವರಿಗೆ ಗೊತ್ತಿತ್ತು. ಇನ್ನು ಗುಮಾನಿಗೆ ಎಡೆಯಿಲ್ಲ. 1912?

ಅಡಿಕೆ ತೋಟ: ಇಂದು ಸಂಜೆ ಅಣ್ಣ ಅವರ ಮನೆಗೆ ಹೋಗಿ ಮಾತನಾಡುತ್ತಾನೆ. ಒಪ್ಪದಿದ್ದರೆ ಕರೆ ಮಾಡುತ್ತೇವೆ.

ಮರೆಗಾರ: ಸಂಜೆಯೇ ತಂತಿ ಎಳೆಯುವ ಹೊತ್ತು. ಮಧ್ಯಾಹ್ನ ಹೋಗಲಿ. ಗುಡಾರವನ್ನು ಈಗಲೇ ಮನೆಗೆ ತನ್ನಿ.

ಅಡಿಕೆ ತೋಟ: ತರಲೆಂದೇ ನಿಂತಿದ್ದೇನೆ ಸರ್. ಅರ್ಧ ಗಂಟೆಯಿಂದ ಇಬ್ಬರೂ ಒದ್ದಾಡುತ್ತಿದ್ದೇವೆ, ಮಡಚಲು ಬರುತ್ತಿಲ್ಲ.

ಹೊಸ ಕ್ಯಾಮೆರಾ: ನಾನು ಶನಿವಾರದಿಂದ ಅದನ್ನೇ ಕೇಳುತ್ತಿದ್ದೇನೆ!

ಮರೆಗಾರ: ಮೊದಲು ಹೊರಗಿನ ಹಗ್ಗಗಳನ್ನೆಲ್ಲ ಬಿಚ್ಚಿ, ಒಂದನ್ನು ಈಗಾಗಲೇ ಬಿಚ್ಚಿಕೊಟ್ಟಿದ್ದಾರೆ. ಒಳಗೆ ನಿಂತು ಚಾವಣಿಯ ನಡುವಿನ ಪಟ್ಟಿಯನ್ನು ಕೆಳಗೆ ಎಳೆಯಿರಿ, ಟಪ್ ಎಂದು ಒಳಬಾಗುತ್ತದೆ. ಹೊರಗೆ ಬಂದು ನಾಲ್ಕೂ ಗೋಡೆಗಳ ನಡುವನ್ನು ಒಂದೊಂದಾಗಿ ಒಳಕ್ಕೆ ತಳ್ಳಿ. ಆಮೇಲೆ ಕೊಡೆಯಂತೆ ಒಟ್ಟಿಗೆ ಹಿಡಿದು ಪಟ್ಟಿ ಬಿಗಿಯಿರಿ. ಬಟ್ಟೆ ಒದ್ದೆಯಿದ್ದರೆ ಮನೆಯಲ್ಲಿ ಹರಡಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.