ಸಹಾಯ ಬೇಕು: ಎಐ ತಿದ್ದಿದ್ದರಲ್ಲಿ ನಿಜವಾದ ತಪ್ಪು ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ರೈಟಿಂಗ್‌ನ ಎರಡನೇ ಟಾಸ್ಕ್‌ಗೆ ಸುಮಾರು 40 ನಿಮಿಷದಲ್ಲಿ ಕನಿಷ್ಠ 250 ಪದ ಬರೆಯಬೇಕು. ದಿನಾ ಒಂದು ಪ್ರಬಂಧ ಬರೆದು ಎಐ ಆ್ಯಪ್‌ಗೆ ಹಾಕುತ್ತೇನೆ. ಅದು ಪೂರ್ತಿ ಹೊಸದಾಗಿ ಬರೆದು ಕೊಡುತ್ತದೆ. ಓದಲು ಚೆಂದ, ಆದರೆ ಅದು ನನ್ನ ಬರಹವೇ ಅಲ್ಲ.

"ತಿದ್ದಬೇಡ, ತಪ್ಪು ಮಾತ್ರ ತೋರಿಸು, ಕಾರಣ ಕನ್ನಡದಲ್ಲಿ ಹೇಳು" ಅಂತ ಕೇಳಿ ನೋಡಿದೆ. ಸ್ವಲ್ಪ ಉಪಯೋಗ ಆಯಿತು. 'ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ 2019' ತಪ್ಪು, 'ಹ್ಯಾವ್ ಬೀನ್ ಲಿವಿಂಗ್' ಆಗಬೇಕು ಎಂದಿತು. '2019ರಿಂದ ಇಲ್ಲೇ ಇದ್ದೇನೆ' ಅನ್ನುತ್ತೇವಲ್ಲ, ಅದನ್ನೇ ಹಾಗೇ ಇಂಗ್ಲಿಷಿಗೆ ತಂದಿದ್ದೆ. ಇದು ಚೆನ್ನಾಗಿ ಅರ್ಥವಾಯಿತು.

ಆದರೆ 'ಬಟ್' ಬದಲು 'ಹೌಎವರ್' ಹಾಕು ಎನ್ನುವುದನ್ನೂ ಅದೇ ತಪ್ಪಿನ ಪಟ್ಟಿಗೆ ಸೇರಿಸುತ್ತದೆ. "ನಿಜವಾಗಿಯೂ ತಪ್ಪಾ?" ಎಂದು ಕೇಳಿದರೆ ಕ್ಷಮೆ ಕೇಳಿ, ನಿಮ್ಮದೇ ಸರಿ ಎನ್ನುತ್ತದೆ. ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿ ಇಂಗ್ಲಿಷ್ ಗೊತ್ತಿರುವವರು ಯಾರೂ ಇಲ್ಲ.

ವ್ಯಾಕರಣದ ತಪ್ಪು ಯಾವುದು, ಸುಮ್ನೆ ಶೈಲಿಯ ಬದಲಾವಣೆ ಯಾವುದು ಅಂತ ಬೇರೆ ಮಾಡುವುದು ಹೇಗೆ? ಹೀಗೆ ಕಲಿತವರು ಎಐಗೆ ಏನೆಂದು ಕೇಳುತ್ತಿದ್ದಿರಿ? ಆ ಪ್ರಶ್ನೆಯನ್ನು ಇದ್ದ ಹಾಗೇ ಬರೆದು ತಿಳಿಸುತ್ತೀರಾ?